ಗಾಳದ ಕೋಲು ಎಷ್ಟು ತೂಕವನ್ನು ಎಸೆಯಬಲ್ಲದು?

ಹಲಗೂರಿನಿಂದ ಮುತ್ತತ್ತಿಗೆ ಹೋಗುವ ರಸ್ತೆ ಕಾಡಿನ ನಡುವೆ ಬಳಸಿ ಇಳಿದು ಕಾವೇರಿಯ ದಡದಲ್ಲಿ ನಿಲ್ಲುತ್ತದೆ. ಅಲ್ಲಿನ ಆಂಜನೇಯನ ಗುಡಿಗೆ ಹೋದವರೆಲ್ಲ ಸ್ಥಳಪುರಾಣವನ್ನು ಕೇಳಿರುತ್ತಾರೆ. ಸೀತೆಯ ಮುತ್ತಿನ ಆಭರಣ ನದಿಗೆ ಬಿದ್ದಾಗ ಹನುಮಂತ ಬಾಲದಿಂದ ನೀರನ್ನು ಕಲಕಿ ಅದನ್ನು ಮೇಲೆತ್ತಿದನಂತೆ. ಮುತ್ತು ಎತ್ತಿದ ಊರೇ ಮುತ್ತತ್ತಿ ಆಯಿತಂತೆ. ಇದೇ ನದಿಯ ಮಡುಗಳಿಂದ ಕಳೆದ ಶತಮಾನದ ಕೊನೆಯಲ್ಲಿ ಬೇರೊಂದು ಮುತ್ತನ್ನು ಎತ್ತಲು ದೂರದ ದೇಶಗಳಿಂದ ಜನ ಬರುತ್ತಿದ್ದರು. ಅದು ಮಾಶೀರ್ ಮೀನು. ಮುತ್ತತ್ತಿಯಿಂದ ಮೇಲಕ್ಕೆ ಭೀಮೇಶ್ವರಿ ಮತ್ತು ದೊಡ್ಡಮಕ್ಕಳಿ, ಕೆಳಕ್ಕೆ ಗಾಲಿಬೋರೆ, ಇವು ಗಾಳದ ಶಿಬಿರಗಳಿದ್ದ ಸ್ಥಳಗಳು. ಸಾವಿರಾರು ರೂಪಾಯಿಯ ಕೋಲು, ಅದಕ್ಕಿಂತ ದುಬಾರಿಯಾದ ರೀಲು ಹಿಡಿದು ಬಂದವರು ಕೊಕ್ಕೆಗೆ ಸಿಕ್ಕಿಸುತ್ತಿದ್ದುದು ಮಾತ್ರ ನಮ್ಮ ರಾಗಿಯ ಉಂಡೆಯನ್ನು!

ಈ ರಾಗಿ ಉಂಡೆಯ ಕಥೆ ಕೇಳಿದ್ದ ಮದ್ದೂರಿನ ಮಿತ್ರರೊಬ್ಬರು ತಾವೂ ಒಂದು ಕೋಲು ಕೊಂಡರು. ಗುತ್ತಿಗೆದಾರರ ಅನುಮತಿ ಪಡೆದು ಹತ್ತಿರದ ಕೆರೆಗೆ ಹೋಗಿ, ರಾಗಿ ಹಿಟ್ಟನ್ನು ಬೇಯಿಸಿ ನಾದಿ ಉಂಡೆ ಕಟ್ಟಿ, ಸೀಸದ ಗುಂಡೊಂದನ್ನು ಸೇರಿಸಿ ಬಲವಾಗಿ ಬೀಸಿದರು. ಉಂಡೆ ಒಂದು ದಿಕ್ಕಿಗೆ ಹಾರಿತು, ಕೋಲಿನ ತುದಿ ಇನ್ನೊಂದು ದಿಕ್ಕಿಗೆ. ಮುರಿದ ಕೋಲನ್ನು ನನ್ನ ಮುಂದಿಟ್ಟು ಅವರು ಕೇಳಿದ ಪ್ರಶ್ನೆ ಹೀಗಿತ್ತು: "ಕೋಲಿನ ಮೇಲೆ 14 ಪೌಂಡ್ ಅಂತ ಬರೆದಿದೆ. ಅಂದರೆ ಆರು ಕಿಲೋಗೂ ಮೇಲೆ. ನನ್ನ ಉಂಡೆ, ಗುಂಡು ಎರಡೂ ಸೇರಿ ನೂರು ಗ್ರಾಂ ಇದ್ದರೆ ಹೆಚ್ಚು. ಹೇಗೆ ಸ್ವಾಮಿ ಮುರೀತು?"

ಪ್ರಶ್ನೆ ನ್ಯಾಯವಾದದ್ದೇ. ಹಿಡಿಯ ಮೇಲಿನ ಬರಹವನ್ನು ಪೂರ್ತಿ ಓದಿದರೆ ಅಲ್ಲಿ ಎರಡು ಸಾಲುಗಳಿದ್ದವು. ಒಂದು, 'ಲೈನ್ 8–14 ಪೌಂಡ್'. ಇನ್ನೊಂದು, 'ಲ್ಯೂರ್ ¼–¾ ಔನ್ಸ್'. ಮಿತ್ರರು ಮೊದಲನೆಯದನ್ನು ಓದಿದ್ದರು, ಎರಡನೆಯದನ್ನು ಬಿಟ್ಟಿದ್ದರು. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. ಹಾಗಾಗಿ ಆ ಕೋಲು 7ರಿಂದ 21 ಗ್ರಾಂ ತೂಕವನ್ನು ಎಸೆಯಲೆಂದು ತಯಾರಾದದ್ದು.

ನಮ್ಮಲ್ಲಿ ಮಾರಾಟವಾಗುವ ಇಂಥ ಗಿಡ್ಡ ಕೋಲುಗಳಲ್ಲಿ ಬಹುಪಾಲಿನ ಮೂಲ ಅಮೆರಿಕದ ಬಾಸ್ ಎಂಬ ಮೀನು. ಬಾಯಿ ದೊಡ್ಡದಾದ, ಕೆರೆ ಸರೋವರಗಳಲ್ಲಿ ಗಿಡಗಂಟಿಯ ಮರೆಯಲ್ಲಿ ಹೊಂಚುವ ಈ ಬೇಟೆಗಾರ ಮೀನಿಗೆ ಹುಳು, ಹಿಟ್ಟು ಬೇಕಿಲ್ಲ. ಮರ, ಲೋಹ, ರಬ್ಬರಿನಲ್ಲಿ ಮಾಡಿದ ಕೃತಕ ಕಪ್ಪೆಯನ್ನೋ ಮರಿಮೀನನ್ನೋ ಎಸೆದು ಎಳೆದರೆ ನಿಜವೆಂದು ನಂಬಿ ಬಾಯಿ ಹಾಕುತ್ತದೆ. ಈ ಹುಸಿ ಎರೆಯನ್ನೇ ಲ್ಯೂರ್ ಎನ್ನುತ್ತಾರೆ. ದಿನವೊಂದಕ್ಕೆ ನೂರಾರು ಬಾರಿ ಎಸೆದು ಎಳೆಯಬೇಕಾದ್ದರಿಂದ ಅಲ್ಲಿ ಎರೆಯ ತೂಕಕ್ಕೂ ಕೋಲಿಗೂ ಹೊಂದಿಕೆ ಬಹಳ ಮುಖ್ಯವಾಯಿತು. ನಮ್ಮ ಕೆರೆಗಳ ಕೊರವ ಮೀನಿಗೆ ರಬ್ಬರಿನ ಕಪ್ಪೆ ಎಸೆಯುವ ಹುಡುಗರೂ ಇಂದು ಇದೇ ಕೋಲುಗಳನ್ನು ಹಿಡಿದಿದ್ದಾರೆ. ಅಂಕಿಗಳ ಅರ್ಥ ಮಾತ್ರ ಕೋಲಿನ ಜೊತೆ ಬಂದಿಲ್ಲ.

ಕೋಲು ಒಂದು ಸ್ಪ್ರಿಂಗು

ಭತ್ತದ ಗದ್ದೆಯಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ನೋಡಿ. ಬರಿಗೈಯಲ್ಲಿ ಎಸೆದ ಕಲ್ಲಿಗಿಂತ ಕವಣೆಯ ಕಲ್ಲು ದೂರ ಹೋಗುತ್ತದೆ, ಏಕೆಂದರೆ ಕವಣೆಯ ಉದ್ದ ತೋಳಿಗೆ ಸೇರಿಕೊಳ್ಳುತ್ತದೆ. ಗಾಳದ ಕೋಲು ಈ ಕೆಲಸವನ್ನೂ ಮಾಡುತ್ತದೆ, ಅದರ ಜೊತೆಗೆ ಬಿಲ್ಲಿನ ಕೆಲಸವನ್ನೂ ಮಾಡುತ್ತದೆ. ಕೋಲನ್ನು ಮುಂದಕ್ಕೆ ಬೀಸಿದಾಗ ತುದಿಯಲ್ಲಿ ತೂಗುವ ಎರೆ ಜಡತ್ವದಿಂದಾಗಿ ಹಿಂದೆ ಉಳಿಯಲು ನೋಡುತ್ತದೆ. ಆ ಎಳೆತಕ್ಕೆ ಕೋಲು ಬಾಗುತ್ತದೆ, ಬಾಗಿದ ಕೋಲಿನಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಕೈ ನಿಂತ ಕ್ಷಣ ಕೋಲು ನೆಟ್ಟಗಾಗುತ್ತದೆ ಮತ್ತು ಆ ಶಕ್ತಿ ಎರೆಯ ಚಲನಶಕ್ತಿಯಾಗಿ ಬದಲಾಗುತ್ತದೆ. ಬೆರಳು ಸಡಿಲಿಸಿದರೆ ಎರೆ ಹಾರುತ್ತದೆ.

ಎರೆಯ ತೂಕವೇ ಕೋಲನ್ನು ಬಾಗಿಸಬೇಕು. ಕೋಲಿನ ಮೇಲಿನ 'ಲ್ಯೂರ್' ಅಂಕಿಯ ಅರ್ಥ ಇಷ್ಟೇ: ಇಷ್ಟು ತೂಕವನ್ನು ಕಟ್ಟಿ ಸಾಮಾನ್ಯ ವೇಗದಲ್ಲಿ ಬೀಸಿದರೆ ಈ ಕೋಲು ತಕ್ಕಷ್ಟು ಬಾಗಿ ತಕ್ಕ ಹೊತ್ತಿಗೆ ನೆಟ್ಟಗಾಗುತ್ತದೆ. ಅದು ಕೋಲು ಹಿಡಿಯಬಲ್ಲ ಮೀನಿನ ತೂಕವಂತೂ ಅಲ್ಲ. ಹೆಚ್ಚು ಅಂಕಿಯ ಕೋಲು ಹೆಚ್ಚು ಒಳ್ಳೆಯದು ಎಂದೂ ಅದು ಹೇಳುತ್ತಿಲ್ಲ.

ಬೀಸುವಾಗ ತುದಿಯ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕೋಣ. ಎರೆ ನಿಶ್ಚಲ ಸ್ಥಿತಿಯಿಂದ ಸೆಕೆಂಡಿಗೆ 25 ಮೀಟರ್ ವೇಗಕ್ಕೆ ಏರಬೇಕು ಮತ್ತು ಆ ಹೊತ್ತಿನಲ್ಲಿ ತುದಿ ಸುಮಾರು 3 ಮೀಟರ್ ದೂರ ಚಲಿಸುತ್ತದೆ ಎಂದಿಟ್ಟುಕೊಳ್ಳಿ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆಂದು ಪ್ರೌಢಶಾಲೆಯಲ್ಲಿ ಓದಿದ್ದೇವೆ. 625ನ್ನು 6ರಿಂದ ಭಾಗಿಸಿದರೆ 104, ಅಂದರೆ ಗುರುತ್ವದ ವೇಗೋತ್ಕರ್ಷದ ಹತ್ತು ಪಟ್ಟಿಗಿಂತ ಸ್ವಲ್ಪ ಹೆಚ್ಚು. 15 ಗ್ರಾಂ ಎರೆ ಆ ಹೊತ್ತಿನಲ್ಲಿ ಸುಮಾರು 160 ಗ್ರಾಂ ತೂಗುಹಾಕಿದಂತೆ ಕೋಲನ್ನು ಎಳೆಯುತ್ತದೆ. ಆ ಕೋಲಿನ ಗರಿಷ್ಠ ಮಿತಿಯಾದ 21 ಗ್ರಾಂಗೆ ಇದು ಸುಮಾರು 220 ಗ್ರಾಂ. ಮಿತ್ರರ 100 ಗ್ರಾಂ ಕಟ್ಟಿದಾಗ? ಒಂದು ಕಿಲೋಗೂ ಮೇಲೆ. ಇದು ಸರಾಸರಿ ಬಲ. ಕೈ ಜಗ್ಗಿದ ಕ್ಷಣದಲ್ಲಿ ಇನ್ನೂ ಹೆಚ್ಚು. ಕೋಲು ಮುರಿದದ್ದು ನೂರು ಗ್ರಾಂಗೆ ಅಲ್ಲ, ವಿನ್ಯಾಸದ ಮಿತಿಯ ಐದು ಪಟ್ಟು ಬಲಕ್ಕೆ.

ಹಾಗಾದರೆ 14 ಪೌಂಡ್ ಎಂಬುದು ಸುಳ್ಳೆ? ಸುಳ್ಳಲ್ಲ, ಅದು ದಾರದ ಮಾತು. ಆ ಕೋಲಿಗೆ 8ರಿಂದ 14 ಪೌಂಡ್ ಎಳೆತಕ್ಕೆ ಕಡಿಯುವ ದಾರವನ್ನು ಹಾಕಿ ಎಂಬ ಸೂಚನೆ. ಅದಕ್ಕಿಂತ ಗಟ್ಟಿಯಾದ ದಾರ ಹಾಕಿದರೆ ದಾರಕ್ಕಿಂತ ಮೊದಲು ಕೋಲು ಮುರಿಯಬಹುದು.

ತೂಕ ಕಡಿಮೆಯಾದರೂ ತೊಂದರೆ

ಭಾರ ಹೆಚ್ಚಾದರೆ ಮುರಿಯುತ್ತದೆ ಎಂಬುದನ್ನು ಯಾರಾದರೂ ಊಹಿಸಬಹುದು. ಭಾರ ಕಡಿಮೆಯಾದರೆ ಏಕೆ ತೊಂದರೆ? ಹೊಸಬರು ಎಡವುವುದು ಇಲ್ಲೇ. ಬಲವಾದ ಕೋಲಿಗೆ 3 ಗ್ರಾಂ ಎರೆ ಕಟ್ಟಿ ಎಷ್ಟು ರಭಸದಿಂದ ಬೀಸಿದರೂ ಅದು ಹತ್ತು ಮಾರು ದೂರವೂ ಹೋಗದೆ ಕಾಲ ಬುಡದಲ್ಲೇ ಬೀಳುತ್ತದೆ.

ಕಾರಣ, ಬೀಸುವಾಗ ನಾವು ಎರೆಯನ್ನಷ್ಟೇ ಅಲ್ಲ, ಕೋಲಿನ ತುದಿಯನ್ನೂ ಎಸೆಯುತ್ತಿರುತ್ತೇವೆ. ತುದಿಭಾಗದ ಪರಿಣಾಮಕಾರಿ ದ್ರವ್ಯರಾಶಿ 10 ಗ್ರಾಂ ಎಂದಿಟ್ಟುಕೊಂಡರೆ, 20 ಗ್ರಾಂ ಎರೆಗೆ ಒಟ್ಟು ಶಕ್ತಿಯ ಮೂರರಲ್ಲಿ ಎರಡು ಪಾಲು ಸಿಗುತ್ತದೆ. 3 ಗ್ರಾಂ ಎರೆಗೆ ಸಿಗುವುದು ಕಾಲುಪಾಲಿಗೂ ಕಡಿಮೆ. ಉಳಿದದ್ದು ಕೋಲು ತಾನೇ ಥರಗುಟ್ಟಿ ಕಳೆದುಕೊಳ್ಳುತ್ತದೆ. ಹಗುರವಾದ ಎರೆಗೆ ಗಾಳಿಯ ತಡೆಯೂ ಹೆಚ್ಚು ಬಾಧಿಸುತ್ತದೆ. ರೀಲಿನಿಂದ ದಾರವನ್ನು ಎಳೆದುಕೊಂಡು ಹೋಗಬೇಕಾದದ್ದೂ ಅದೇ. ಉರುಳೆ ತಿರುಗುವ ಬಗೆಯ ರೀಲಿನಲ್ಲಂತೂ ಎರೆ ನಿಧಾನಗೊಂಡ ಮೇಲೂ ಉರುಳೆ ತಿರುಗುತ್ತಲೇ ಇದ್ದು ದಾರ ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ. ಅದನ್ನು ಬಿಡಿಸುವುದರಲ್ಲಿ ಅರ್ಧ ದಿನ ಕಳೆದವರನ್ನು ನಾನು ಬಲ್ಲೆ.

ತೂಕ ಹೆಚ್ಚಿದ್ದಾಗ ಕೋಲು ಮುರಿಯದಿದ್ದರೂ ಎಸೆತ ಕೆಡುವುದುಂಟು. ಸ್ಪ್ರಿಂಗಿನ ತುದಿಗೆ ಕಟ್ಟಿದ ತೂಕ ನಾಲ್ಕು ಪಟ್ಟಾದರೆ ಅದರ ಆಂದೋಲನದ ಅವಧಿ ಎರಡು ಪಟ್ಟಾಗುತ್ತದೆ. ಕೋಲು ಅಳತೆಗೆ ಮೀರಿ ಬಾಗಿ, ನಿಧಾನವಾಗಿ ನೆಟ್ಟಗಾಗುತ್ತದೆ. ಅಷ್ಟರಲ್ಲಿ ರೂಢಿಯ ಕೈ ದಾರವನ್ನು ಬಿಟ್ಟಿರುತ್ತದೆ, ಎರೆ ಆಕಾಶಕ್ಕೆ ಹೋಗುತ್ತದೆ.

ಬಿಗಿಯೂ ಬಾಗುವ ಪರಿಯೂ

ಕೋಲಿನ ಬಿಗಿ ಯಾವುದರಿಂದ ಬರುತ್ತದೆ? ಒಂದು ತುದಿಯಲ್ಲಿ ಹಿಡಿದ ಸಮಗಾತ್ರದ ದಂಡದ ಇನ್ನೊಂದು ತುದಿಗೆ ತೂಕ ಹಾಕಿದಾಗ ಅದು ಬಾಗುವ ಪ್ರಮಾಣ ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ದಪ್ಪದ ಪ್ರಭಾವ ಇನ್ನೂ ತೀವ್ರ. ಬಿಗಿ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ. ವ್ಯಾಸದಲ್ಲಿ ಶೇ. 10ರಷ್ಟು ಹೆಚ್ಚಿದರೆ ಬಿಗಿ ಶೇ. 46ರಷ್ಟು ಏರುತ್ತದೆ! ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಕೋಲುಗಳ ಅಂಕಿಗಳು ಬೇರೆ ಬೇರೆ ಇರುವುದು ಇದರಿಂದಲೇ. ವಸ್ತುವಿನ ಗುಣವೂ ಸೇರುತ್ತದೆ. ಹಿಂದೆ ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ಕೋಲುಗಳಿದ್ದವು. ಎರಡನೆಯ ಮಹಾಯುದ್ಧದ ನಂತರ ಗಾಜಿನ ಎಳೆಯ ಕೋಲುಗಳು ಬಂದವು, 1970ರ ದಶಕದಲ್ಲಿ ಇಂಗಾಲದ ಎಳೆಯವು. ಇಂಗಾಲದ ಎಳೆ ಗಾಜಿನ ಎಳೆಗಿಂತ ಸುಮಾರು ಮೂರು ಪಟ್ಟು ಬಿಗಿ, ತೂಕದಲ್ಲಿ ಹಗುರ. ಆದರೆ ಮಿತಿ ಮೀರಿದಾಗ ಬಿದಿರಿನಂತೆ ಸಿಬಿರೆದ್ದು ಎಚ್ಚರಿಸುವುದಿಲ್ಲ, ಒಮ್ಮೆಲೇ ಪಟಾರನೆ ಮುರಿಯುತ್ತದೆ.

ಎಷ್ಟು ಬಾಗುತ್ತದೆ ಎಂಬುದು ಒಂದು ಗುಣವಾದರೆ ಎಲ್ಲಿ ಬಾಗುತ್ತದೆ ಎಂಬುದು ಇನ್ನೊಂದು. ಕೆಲವು ಕೋಲುಗಳು ತುದಿಯ ಕಾಲುಭಾಗದಲ್ಲಷ್ಟೇ ಬಾಗುತ್ತವೆ. ಕೆಲವು ಹಿಡಿಯವರೆಗೂ ಕಮಾನಾಗುತ್ತವೆ. ಅಂಗಡಿಯವರು ಇವೆರಡನ್ನೂ ಒಂದೇ ಮಾತಿನಲ್ಲಿ 'ಸ್ಟ್ರಾಂಗ್', 'ಸಾಫ್ಟ್' ಎಂದು ಹೇಳಿ ಗೊಂದಲ ಮಾಡುತ್ತಾರೆ. ಬಾಸ್ ಹಿಡಿಯುವವರು ಈ ವ್ಯತ್ಯಾಸವನ್ನು ಎರೆಗೆ ತಕ್ಕಂತೆ ಬಳಸಿಕೊಳ್ಳುತ್ತಾರೆ. ಜೊಂಡಿನ ನಡುವೆ ಎಳೆಯುವ ರಬ್ಬರು ಕಪ್ಪೆಗೆ ದಪ್ಪನೆಯ ಕೊಕ್ಕೆ ಇರುತ್ತದೆ. ಅದನ್ನು ಮೀನಿನ ಬಾಯಿಗೆ ನಾಟಿಸಲು, ಮೀನನ್ನು ಜೊಂಡಿನಿಂದ ಹೊರಗೆ ತರಲು ಬಿಗಿಯಾದ, ತುದಿಯಲ್ಲಷ್ಟೇ ಬಾಗುವ ಕೋಲು ಬೇಕು. ನೀರಿನಲ್ಲಿ ಮುಳುಗಿ ಅಲುಗುತ್ತ ಬರುವ, ಸಣ್ಣ ಮುಮ್ಮೊನೆ ಕೊಕ್ಕೆಗಳ ಹುಸಿಮೀನಿಗೆ ಅದೇ ಕೋಲು ಹಾಕಿದರೆ ಮೀನು ಒದ್ದಾಡಿದಾಗ ಕೊಕ್ಕೆ ಹರಿದುಕೊಂಡು ಬರುತ್ತದೆ. ಅಲ್ಲಿ ಮೆತ್ತನೆಯ ಕೋಲೇ ಸರಿ. ಎರಡು ಎರೆಗಳೂ ತಕ್ಕಡಿಯಲ್ಲಿ 15 ಗ್ರಾಂ ತೂಗಿದರೂ ಬೇಕಾಗುವ ಕೋಲು ಬೇರೆ.

ಅಂಕಿಗಳ ಭಾಷೆ

ಈ ಅಂಕಿಗಳಿಗೆ ಜಗತ್ತಿಗೆಲ್ಲ ಒಪ್ಪಿತವಾದ ಒಂದು ಮಾನಕ ಇಲ್ಲದಿರುವುದು ಬೇಸರದ ಸಂಗತಿ. ಅಮೆರಿಕದ ಕೋಲುಗಳ ಮೇಲೆ ಔನ್ಸು, ಯೂರೋಪಿನ ಕೋಲುಗಳ ಮೇಲೆ ಗ್ರಾಂ ಇರುತ್ತವೆ. ಜೊತೆಗೆ ಲೈಟ್, ಮೀಡಿಯಂ, ಹೆವಿ ಎಂಬ ಪದಗಳು. ಒಬ್ಬ ತಯಾರಕನ ಮೀಡಿಯಂ ಇನ್ನೊಬ್ಬನ ಹೆವಿಗೆ ಸಮನಾಗಿರುವುದುಂಟು. ಆದ್ದರಿಂದ ಪದವನ್ನು ಬಿಟ್ಟು ಅಂಕಿಯನ್ನೇ ನೋಡುವುದು ಕ್ಷೇಮ.

ಬ್ರಿಟನ್ನಿನವರದ್ದು ಬೇರೆ ದಾರಿ. ಅವರು ಕೋಲಿನ ಬುಡವನ್ನು ಅಲುಗದಂತೆ ಹಿಡಿದು, ತುದಿ ಬುಡಕ್ಕೆ ಲಂಬಕೋನದಲ್ಲಿ ಬರುವಂತೆ ಬಾಗಿಸಲು ಎಷ್ಟು ಎಳೆತ ಬೇಕೆಂದು ಅಳೆಯುತ್ತಾರೆ. ಇದನ್ನು ಟೆಸ್ಟ್ ಕರ್ವ್ ಎನ್ನುತ್ತಾರೆ. ಅದರಿಂದ ಎರಡು ರೂಢಿಯ ಸೂತ್ರಗಳು ಹುಟ್ಟಿವೆ. ಟೆಸ್ಟ್ ಕರ್ವಿನ ಹದಿನಾರನೆಯ ಒಂದು ಭಾಗ ಆರಾಮವಾಗಿ ಎಸೆಯಬಹುದಾದ ತೂಕ, ಅದರ ಐದರಷ್ಟು ತಕ್ಕ ದಾರದ ಬಲ. 3 ಪೌಂಡಿನ ಕೋಲಾದರೆ ಎಸೆಯುವ ತೂಕ 3 ಔನ್ಸ್, ಅಂದರೆ 85 ಗ್ರಾಂ. ದಾರ 15 ಪೌಂಡ್. ಸೂತ್ರ ಒರಟಾದದ್ದು, ಆದರೂ ದಾರಿ ತೋರಿಸುತ್ತದೆ.

ಈ ಗೊಂದಲಕ್ಕೆ ಅಮೆರಿಕದ ವಿಲಿಯಂ ಹ್ಯಾನೆಮನ್ ಎಂಬುವರು 2003ರಲ್ಲಿ ಚೆಲುವಾದ ಪರಿಹಾರವೊಂದನ್ನು ಸೂಚಿಸಿದರು. ಕೋಲನ್ನು ಅಡ್ಡಲಾಗಿ ಬಿಗಿದು ತುದಿಗೆ ಚೀಲ ಕಟ್ಟಿ, ತುದಿಯು ಕೋಲಿನ ಉದ್ದದ ಮೂರನೆಯ ಒಂದು ಭಾಗದಷ್ಟು ಕೆಳಗಿಳಿಯುವವರೆಗೆ ಒಂದೊಂದಾಗಿ ಸೆಂಟ್ ನಾಣ್ಯ ಹಾಕುವುದು. ಎಷ್ಟು ನಾಣ್ಯವೋ ಅದೇ ಆ ಕೋಲಿನ ಬಿಗಿ. ಆಗ ತುದಿ ನೆಲದತ್ತ ಎಷ್ಟು ಕೋನದಲ್ಲಿ ಬಾಗಿದೆ ಎಂಬುದು ಬಾಗುವ ಪರಿಯನ್ನು ಹೇಳುತ್ತದೆ. ನಮ್ಮ ನಾಣ್ಯಗಳ ತೂಕ ಆಗಾಗ ಬದಲಾಗಿರುವುದರಿಂದ ನಾವು ನೀರನ್ನು ಬಳಸಬಹುದು. ಹಗುರವಾದ ಪ್ಲಾಸ್ಟಿಕ್ ಚೀಲಕ್ಕೆ ಸಿರಿಂಜಿನಿಂದ ನೀರು ಹಾಕುತ್ತ ಹೋಗಿ. ಒಂದು ಮಿಲಿಲೀಟರ್ ಎಂದರೆ ಒಂದು ಗ್ರಾಂ. ಅಂಕಿ ಅಳಿಸಿಹೋದ ಹಳೆಯ ಕೋಲನ್ನೂ ನಿಮಗೆ ಗೊತ್ತಿರುವ ಕೋಲಿನ ಜೊತೆ ಹೀಗೆ ಹೋಲಿಸಬಹುದು. ಶಾಲೆಯ ಪ್ರಯೋಗಾಲಯದಲ್ಲಿ ಬಿದಿರಿನ ಕಡ್ಡಿಗಳನ್ನು ಇಟ್ಟುಕೊಂಡು ಮಾಡಿಸಿದರೆ ಮಕ್ಕಳಿಗೆ ಘನದ ನಿಯಮ ಕಣ್ಣಾರೆ ಕಾಣುತ್ತದೆ.

ಕಟ್ಟುವ ತೂಕವನ್ನು ಲೆಕ್ಕ ಹಾಕುವಾಗ ಎಲ್ಲವನ್ನೂ ಸೇರಿಸಬೇಕು. ಎರೆಯ ಪೊಟ್ಟಣದ ಮೇಲೆ 10 ಗ್ರಾಂ ಎಂದಿದ್ದರೆ ಅದು ಬರಿಯ ಸೀಸದ ತಲೆಯ ತೂಕವಾಗಿರಬಹುದು. ಅದಕ್ಕೆ ಸಿಕ್ಕಿಸುವ ರಬ್ಬರಿನ ಬಾಲ ಇನ್ನಷ್ಟು ಗ್ರಾಂ ಸೇರಿಸುತ್ತದೆ. ಒಟ್ಟು ತೂಕ ಕೋಲಿನ ಮಿತಿಯ ನಡುಭಾಗದಿಂದ ತುಸು ಮೇಲಿದ್ದರೆ ಎಸೆತ ಸುಖ. ಗರಿಷ್ಠ ಅಂಕಿಯ ತೂಕವನ್ನು ಕಟ್ಟಿದಾಗ ರಭಸ ಬೇಡ.

ರಾಗಿ ಉಂಡೆಯ ಗಣಿತ

ಈಗ ಮುತ್ತತ್ತಿಗೆ ಮರಳೋಣ. ಗಾಳದ ಮೀನುಬೇಟೆಯ ಸಾಹಿತ್ಯಕ್ಕೂ ಕನ್ನಡನಾಡಿಗೂ ಹಳೆಯ ನಂಟಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದರಲ್ಲಿ ಮಾಶೀರ್‌ಗೆ ದೊಡ್ಡ ಸ್ಥಾನವಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕಿಲೋ ತೂಗುವ ಮಾಶೀರ್ ಹಿಡಿದದ್ದು ಪ್ರಸಿದ್ಧ ದಾಖಲೆ. ಆನಂತರ ಈ ಮೀನು ಮುಗಿದೇಹೋಯಿತೆಂದು ಹಲವರು ಭಾವಿಸಿದ್ದಾಗ, 1970ರ ದಶಕದ ಕೊನೆಯಲ್ಲಿ ಬ್ರಿಟಿಷ್ ಯುವಕರ ತಂಡವೊಂದು ಕಾವೇರಿಯಲ್ಲಿ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿತು. ಶಿಬಿರಗಳು ಬೆಳೆದದ್ದು ಅದರ ನಂತರ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸುತ್ತಲಿನ ಹಳ್ಳಿಗಳ ಕೆಲವರು ಅಲ್ಲಿ ಮಾರ್ಗದರ್ಶಿಗಳಾದರು, ಕಾವಲುಗಾರರಾದರು. ಹಿಡಿದ ಮೀನನ್ನು ತೂಗಿ ಬರೆದುಕೊಂಡು ನೀರಿಗೆ ಮರಳಿ ಬಿಡುವುದು ನಿಯಮವಾಯಿತು.

ಬಂದವರು ಲೋಹದ ಚಮಚೆಯಂಥ ಹುಸಿ ಎರೆಗಳನ್ನೂ ತರುತ್ತಿದ್ದರು. ಆದರೆ ಹೆಚ್ಚು ನಂಬಿಕೆ ರಾಗಿ ಉಂಡೆಯ ಮೇಲೆ. ಮಸಾಲೆ ಸೇರಿಸಿ ಬೇಯಿಸಿ, ಜೇಡಿಮಣ್ಣಿನ ಹದಕ್ಕೆ ನಾದಿದ ಉಂಡೆ ಅದು. ಇದರ ತೂಕ ಎಷ್ಟು? ಹಿಟ್ಟಿನ ಸಾಂದ್ರತೆ ನೀರಿಗಿಂತ ಸ್ವಲ್ಪ ಹೆಚ್ಚು, 1.2 ಎಂದುಕೊಳ್ಳಿ. 4 ಸೆಂ.ಮೀ. ವ್ಯಾಸದ ನಿಂಬೆಹಣ್ಣಿನಂಥ ಉಂಡೆ 40 ಗ್ರಾಂ ತೂಗುತ್ತದೆ. 5 ಸೆಂ.ಮೀ. ಉಂಡೆ 78 ಗ್ರಾಂ. 6 ಸೆಂ.ಮೀ. ಆದರೆ 135 ಗ್ರಾಂ! ವ್ಯಾಸದಲ್ಲಿ ಒಂದು ಸೆಂಟಿಮೀಟರ್ ಹೆಚ್ಚಿಸಿದಾಗ ತೂಕ ಬಹುಮಟ್ಟಿಗೆ ಇಮ್ಮಡಿಯಾಯಿತು. ಪ್ರವಾಹದಲ್ಲಿ ನಿಲ್ಲಲು 30 ಗ್ರಾಂ ಸೀಸವನ್ನೂ ಸೇರಿಸಿದರೆ, 3 ಪೌಂಡ್ ಟೆಸ್ಟ್ ಕರ್ವಿನ ಕೋಲಿಗೆ ನಿಂಬೆ ಗಾತ್ರದ ಉಂಡೆ ಮಿತಿಯೊಳಗಿರುತ್ತದೆ, ಅದಕ್ಕಿಂತ ತುಸು ದೊಡ್ಡದು ಮಿತಿ ಮೀರುತ್ತದೆ. ಕಾರ್ಖಾನೆಯ ಎರೆಯ ಮೇಲೆ ತೂಕ ಅಚ್ಚಾಗಿರುತ್ತದೆ. ಕೈಯಲ್ಲಿ ಕಟ್ಟುವ ಉಂಡೆಗೆ ಕಣ್ಣಂದಾಜೇ ಗತಿ, ಕಣ್ಣು ವ್ಯಾಸವನ್ನು ನೋಡುತ್ತದೆಯೇ ಹೊರತು ಅದರ ಘನವನ್ನಲ್ಲ. ನನ್ನ ಮಿತ್ರರು ಮೋಸಹೋದದ್ದೂ ಹೀಗೆಯೇ.

ಇನ್ನೊಂದು ಸೂಕ್ಷ್ಮವಿದೆ. ಹುಸಿ ಎರೆಯನ್ನು ಚಾಟಿಯಂತೆ ಬೀಸಬಹುದು, ಹಿಟ್ಟಿನ ಉಂಡೆಯನ್ನು ಹಾಗೆ ಬೀಸಿದರೆ ಅದು ಕೊಕ್ಕೆ ಬಿಟ್ಟು ಕಳಚಿಹೋಗುತ್ತದೆ. 78 ಗ್ರಾಂ ಉಂಡೆಗೆ ಮೇಲಿನ ಲೆಕ್ಕದ ರಭಸ ಕೊಟ್ಟರೆ ಕೊಕ್ಕೆ ಅದನ್ನು ಎಂಟುನೂರು ಗ್ರಾಂಗೂ ಹೆಚ್ಚು ಬಲದಿಂದ ಎಳೆಯುತ್ತದೆ. ಅದರ ಬದಲು ಉದ್ದನೆಯ, ಹಿಡಿಯವರೆಗೂ ಬಾಗುವ ಕೋಲಿನಿಂದ 4 ಮೀಟರ್ ದೂರದಲ್ಲಿ ನಿಧಾನವಾಗಿ ಸೆಕೆಂಡಿಗೆ 15 ಮೀಟರ್ ವೇಗಕ್ಕೆ ಏರಿಸಿದರೆ ಬಲ 225 ಗ್ರಾಂ ಆಸುಪಾಸು. ಉಂಡೆ ಉಳಿಯುತ್ತದೆ, ಇಪ್ಪತ್ತು ಮೀಟರ್ ದೂರದ ಮಡುವಿಗೂ ತಲುಪುತ್ತದೆ. ಅದಕ್ಕೇ ಅಲ್ಲಿನ ಕೋಲುಗಳು ಬಾಸ್ ಕೋಲುಗಳಂತೆ ಎರಡು ಮೀಟರಿನ ಗಿಡ್ಡ ಕೋಲುಗಳಾಗಿರಲಿಲ್ಲ.

ಮೀನು ಕಚ್ಚಿದ ಮೇಲೆ

ಟೆಸ್ಟ್ ಕರ್ವಿನ ಅಂಕಿ ಇನ್ನೊಂದು ಅಚ್ಚರಿಯನ್ನೂ ಹೇಳುತ್ತದೆ. 3 ಪೌಂಡಿನ ಗಟ್ಟಿ ಕೋಲು ಲಂಬಕೋನಕ್ಕೆ ಬಾಗಿದಾಗ ಮೀನಿನ ಮೇಲೆ ಹಾಕುವ ಎಳೆತ ಕೇವಲ 1.36 ಕಿಲೋ. ಇಷ್ಟರಿಂದ ಮೂವತ್ತು ನಲವತ್ತು ಕಿಲೋ ಮೀನು ಹೇಗೆ ಬರುತ್ತದೆ? ಆರ್ಕಿಮಿಡೀಸನ ತತ್ವದಂತೆ ನೀರಿನಲ್ಲಿ ಮೀನಿಗೆ ತೂಕವೇ ಇಲ್ಲವೆನ್ನಬಹುದು. ಎದುರಿಸಬೇಕಾದದ್ದು ಅದರ ಈಜಿನ ಬಲವನ್ನು ಮತ್ತು ಪ್ರವಾಹವನ್ನು. ಒಂದು ಮೀಟರ್ ಉದ್ದದ ಮೀನು ಸೆಕೆಂಡಿಗೆ 1.5 ಮೀಟರ್ ಹರಿವಿಗೆ ಅಡ್ಡಲಾಗಿ ತಿರುಗಿದರೆ ನೀರು ಅದನ್ನು ತಳ್ಳುವ ಬಲ ಇಪ್ಪತ್ತು ಕಿಲೋ ದಾಟಬಹುದು. ಅದೇ ಮೀನು ಹರಿವಿಗೆ ಮುಖ ಮಾಡಿದರೆ ಒಂದು ಕಿಲೋ ಕೂಡ ಇರುವುದಿಲ್ಲ. ಅಡ್ಡ ತಿರುಗಿದ ಮೀನನ್ನು ಕೋಲಿನಿಂದ ನಿಲ್ಲಿಸುವ ಹಟ ವ್ಯರ್ಥ. ಮಾರ್ಗದರ್ಶಿಗಳು ತೆಪ್ಪ ಹತ್ತಿಸಿ ಮೀನಿನ ಹಿಂದೆಯೇ ಹೋಗುತ್ತಿದ್ದುದು ಈ ಕಾರಣಕ್ಕೆ.

ಅಲ್ಲಿ ಬಂಡೆಗಳ ಅಂಚಿಗೆ ಉಜ್ಜಿ ಕಡಿಯದಿರಲೆಂದು ಸೂತ್ರ ಹೇಳುವುದಕ್ಕಿಂತ ದಪ್ಪನಾದ 40–50 ಪೌಂಡಿನ ದಾರ ಬಳಸುತ್ತಿದ್ದರು. ಆಗ ಸರಪಣಿಯ ದುರ್ಬಲ ಕೊಂಡಿ ದಾರವಲ್ಲ, ಕೋಲು. ಅದನ್ನು ಕಾಯುವುದು ರೀಲಿನ ತಡೆ. ಸಾಮಾನ್ಯವಾಗಿ ದಾರದ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗಕ್ಕೆ ತಡೆಯನ್ನು ಹೊಂದಿಸುತ್ತಾರೆ. ಅದಕ್ಕಿಂತ ಹೆಚ್ಚು ಎಳೆದರೆ ದಾರ ಬಿಚ್ಚಿಕೊಳ್ಳಬೇಕು. ದಾರ ಕೋಲಿನ ಶಕ್ತಿಗೆ ಮೀರಿದ್ದಾಗ ದಾರವನ್ನು ಬಿಟ್ಟು ಕೋಲನ್ನು ನೋಡಿ ಹೊಂದಿಸಬೇಕು.

ಹಗುರ ಕೋಲಿನಲ್ಲಿ ದೊಡ್ಡ ಮೀನು ಹಿಡಿಯುವುದು ಸಾಹಸವೆಂದು ಕೆಲವರು ಹೇಳಿಕೊಳ್ಳುತ್ತಾರೆ. ಮೀನಿನ ಕಡೆಯಿಂದ ನೋಡಿದರೆ ಅದು ಹಿಂಸೆ. ಬಹಳ ಹೊತ್ತು ಸೆಣಸಿದ ಮೀನಿನ ಸ್ನಾಯುಗಳಲ್ಲಿ ಆಮ್ಲಜನಕದ ಕೊರತೆಯಿಂದ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಕರಗಿದ ಆಮ್ಲಜನಕವೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಕರಗಬಲ್ಲದಾದರೆ 30 ಡಿಗ್ರಿಯಲ್ಲಿ ಏಳೂವರೆ. ಬಿಟ್ಟ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ದಾರ ಕಡಿದು ಹೋದರೆ ಕೊಕ್ಕೆ ಬಾಯಲ್ಲೇ ಉಳಿಯುತ್ತದೆ.

ಇದು ಯಾವುದೋ ಒಂದು ಮೀನಿನ ವಿಷಯವಲ್ಲ. ಕಾವೇರಿಯ ಗೂನುಬೆನ್ನಿನ ದೈತ್ಯ ಮಾಶೀರ್‌ಗೆ ಶತಮಾನದಿಂದ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2018ರಲ್ಲಿ ಅದನ್ನು ಟಾರ್ ರೆಮಾದೇವಿಐ ಎಂದು ಗುರುತಿಸಲಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ದಾಖಲಾಯಿತು. ಅಪಾಯದ ಮೊದಲ ಸೂಚನೆಗಳಲ್ಲೊಂದು ಸಿಕ್ಕಿದ್ದು ಗಾಲಿಬೋರೆ ಶಿಬಿರದ ದಿನಚರಿ ಪುಸ್ತಕಗಳಲ್ಲಿ. 1998ರಿಂದ 2012ರವರೆಗೆ ಅಲ್ಲಿ ಬರೆದಿಟ್ಟಿದ್ದ ಮೀನುಗಳ ತೂಕ, ಬಗೆ, ಗಾಳ ಹಾಕಿದ ಹೊತ್ತು ಇವನ್ನು ವಿಶ್ಲೇಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ, ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಾಶೀರ್ ಹೆಚ್ಚುತ್ತ ಗೂನುಬೆನ್ನಿನದು ಇಲ್ಲವಾಗುತ್ತಿರುವುದನ್ನು ತೋರಿಸಿತು. ಕೋಲು ಹಿಡಿದವರು ತಮ್ಮ ಹೆಮ್ಮೆಗೆ ಬರೆದುಕೊಂಡ ಅಂಕಿಗಳು ಹೀಗೆ ವಿಜ್ಞಾನಕ್ಕೆ ಒದಗಿದವು.

ಮುತ್ತತ್ತಿ ಸುತ್ತಲಿನ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುವುದರಿಂದ, ಹಿಡಿದು ಬಿಡುವ ಗಾಳದ ಆಟಕ್ಕೂ ಆಕ್ಷೇಪ ಬಂತು. 2012ರ ಹೊತ್ತಿಗೆ ಶಿಬಿರಗಳಲ್ಲಿ ಅದು ನಿಂತಿತು. ಗಾಳದವರು ಹೋದ ಮೇಲೆ ಸಿಡಿಮದ್ದಿನವರನ್ನು ಕಾಯುವವರು ಯಾರು ಎಂಬ ವಾದವೂ ಇದೆ. ಅದರಲ್ಲಿ ತಿರುಳಿದೆ ಎಂದೇ ನನಗನ್ನಿಸುತ್ತದೆ. ಆದರೂ ಕಾನೂನು ಕಾನೂನೇ. ಮುತ್ತತ್ತಿಗೆ ಹೋಗುವವರು ಕೋಲನ್ನು ಮನೆಯಲ್ಲೇ ಬಿಡಬೇಕು. ಬಂಡೆಗಳ ನಡುವಿನ ಸುಳಿಗಳಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರು ಅಲ್ಲಿ ಬಹಳ ಮಂದಿ, ನೀರಿಗೂ ಇಳಿಯಬೇಡಿ. ಬೇರೆಡೆ ಕೆರೆಯಲ್ಲೋ ಹೊಂಡದಲ್ಲೋ ಗಾಳ ಹಾಕುವುದಾದರೆ ಗುತ್ತಿಗೆದಾರರ ಇಲ್ಲವೆ ಮೀನುಗಾರಿಕೆ ಇಲಾಖೆಯ ಅನುಮತಿ ಪಡೆಯಿರಿ.

ನನ್ನ ಮಿತ್ರರು ಈಗ ಇನ್ನೊಂದು ಕೋಲು ಕೊಂಡಿದ್ದಾರೆ. ಹಿಡಿಯ ಮೇಲೆ '40–80 ಗ್ರಾಂ' ಎಂದಿದೆ. ಉಂಡೆ ಕಟ್ಟುವ ಮೊದಲು ಅವರು ಅಡುಗೆಮನೆಯ ಪುಟ್ಟ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮನೆಯವರಿಗೆ ಅದು ಅಷ್ಟು ಇಷ್ಟವಿಲ್ಲ.